ಅಧಿಕಾರವೂ ಬಂಧುಪ್ರೀತಿಯೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಸರ್ಕಾರೀ ಅಧಿಕಾರಿಗಳಾಗಿಯೂ ಜನಸೇವೆಯಲ್ಲಿ ತೊಡಗಿರುವರು. ಇದು ನಮಗೆಲ್ಲರಿಗೂ ಸಂತೋಷದ ಸಂಗತಿಯಷ್ಟೆ. ಆದರೆ ಅಂಥವಳ ಪ್ರಾಮಾಣಿಕತೆಗೆ ಮೊದಲನೆಯ ಪರೀಕ್ಷೆಯು ಎಲ್ಲಿಂದ ಬರುವುದು? ಲಂಚವನ್ನು ಮರೆಯಲ್ಲಿ ನೀಡುವ ಅಪರಿಚಿತನಿಂದ ಎಂದು ನಾವು ಎಣಿಸುವೆವು. ಅನೇಕ ವೇಳೆ ಅದು, "ನಾವು ಪರಕೀಯರೇ? ಇದೊಂದು ಉಪಕಾರವನ್ನು ಮಾಡಮ್ಮಾ" ಎಂದು ಮನೆಬಾಗಿಲಿಗೆ ಬರುವ ನೆಂಟರಿಂದಲೇ ಬರುವುದು.

ಇದನ್ನು ಚೆನ್ನಾಗಿ ಅರಿತಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1912ರಲ್ಲಿ ಮೈಸೂರಿನ ದಿವಾನಗಿರಿಯನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ಅವರು ತಮ್ಮ ಬಂಧುಗಳನ್ನು ಕರೆಯಿಸಿ, ಯಾರೂ ತಮಗಾಗಿ ಶಿಫಾರಸನ್ನು ಕೇಳಬಾರದೆಂದು ಮಾತು ತೆಗೆದುಕೊಂಡರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅಧಿಕಾರದಲ್ಲಿ ಕುಳಿತ ಮೇಲೆ ಒಬ್ಬೊಬ್ಬರಿಗೂ ಇಲ್ಲವೆನ್ನುವುದು ಕಷ್ಟ. ಆದಕಾರಣ ಮೊದಲೇ ಬಾಗಿಲನ್ನು ಮುಚ್ಚಿದರು. 1918ರಲ್ಲಿ, ಸರ್ಕಾರೀ ನೌಕರಿಗಳ ನೇಮಕದ ನೀತಿಯಲ್ಲಿ ಭಿನ್ನಾಭಿಪ್ರಾಯವುಂಟಾದಾಗ, ಆ ಹುದ್ದೆಯನ್ನೇ ಬಿಟ್ಟರು. ಅವರ ಅಭಿಪ್ರಾಯವನ್ನು ಒಪ್ಪದವರೂ ಉಂಟು. ಹುದ್ದೆಗೆ ಅವರು ಅಂಟಿಕೊಳ್ಳಲಿಲ್ಲವೆಂಬುದನ್ನು ಎಲ್ಲರೂ ಒಪ್ಪುವರು.

ದಾಕ್ಷಿಣ್ಯವು ದೋಷವೇ ಎಂದು ಕೆಲವರು ಕೇಳಬಹುದು. ಒಬ್ಬ ನೆಂಟನ ಅರ್ಜಿಯನ್ನು ಮೇಲಕ್ಕೆ ಇಟ್ಟಾಗ, ಬೆಳಗಿನಿಂದ ಸಾಲಿನಲ್ಲಿ ನಿಂತಿರುವ ಒಬ್ಬ ವಿಧವೆಯ ಅರ್ಜಿಯು ಕೆಳಕ್ಕೆ ಹೋಗುವುದು. ನೆಂಟನ ಮುಖವು ನಮಗೆ ಕಾಣುವುದು. ಆಕೆಯ ಮುಖವು ಕಾಣದು. ಅನ್ಯಾಯವು ಇಲ್ಲಿಯೇ ಅಡಗಿದೆ.

ಕಾಯಿದೆಗಳೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಭ್ರಷ್ಟಾಚಾರ ನಿರೋಧ ಕಾಯಿದೆಗೆ 2018ರಲ್ಲಿ ಮಾಡಿದ ತಿದ್ದುಪಡಿಯಂತೆ ಲಂಚ ಕೊಡುವವನೂ ಅಪರಾಧಿಯೇ; ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗಾಗಿ ದೂರು ಕೊಡತಕ್ಕದ್ದು. ಕರ್ನಾಟಕದಲ್ಲಿ 2011ರ 'ಸಕಾಲ' ಕಾಯಿದೆಯು ಗೊತ್ತುಮಾಡಿದ ಸೇವೆಗಳಿಗೆ ಅವಧಿಯನ್ನು ವಿಧಿಸಿ, ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ಕೊಡಬೇಕೆಂದು ಹೇಳಿತು. ಹಕ್ಕಿನಿಂದ ದೊರೆಯತಕ್ಕದ್ದನ್ನು ಯಾರ ಕೃಪೆಯಿಂದಲೂ ಬೇಡಬೇಕಾಗಿಲ್ಲವೆಂಬುದೇ ಇದರ ತಾತ್ಪರ್ಯ.

ಆದರೆ ಕಾಯಿದೆಯು ಕಚೇರಿಯ ಹೊಸ್ತಿಲವರೆಗೆ ಮಾತ್ರ ಕಾಯಬಲ್ಲದು. ಮನೆಯನ್ನು ನಾವೇ ಕಾಯಬೇಕು. ತಾಯಿತಂದೆಗಳಾದ ನಾವು, ಮಗಳು ಹುದ್ದೆಗೆ ಸೇರಿದ ದಿನ ಸಿಹಿಯನ್ನು ಹಂಚುವೆವು. ಅದರ ಸಂಗಡ, "ನಮಗಾಗಿ ನೀನು ಯಾರಿಗೂ ಹೇಳಬೇಕಾಗಿಲ್ಲ" ಎಂಬ ಒಂದು ಮಾತನ್ನೂ ಆಕೆಗೆ ಕೊಡೋಣ. ಆಕೆಯು ನಿರ್ಭಯವಾಗಿ ತಲೆಯೆತ್ತಿ ಕೆಲಸ ಮಾಡಲು ಅದಕ್ಕಿಂತ ದೊಡ್ಡ ಸಹಾಯವು ನಮ್ಮಿಂದ ಬೇರೊಂದಿಲ್ಲ.