ಘೋಷಣೆಯ ದುಡ್ಡು, ಕಾನೂನಿನ ದುಡ್ಡು

ಪ್ರಶ್ನೆ: ನಮ್ಮ ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ನದಿಯಡಿಯ ರೈಲು ಸುರಂಗಕ್ಕೆ ಬರಬೇಕಾದ ದುಡ್ಡನ್ನು ಟ್ರಂಪ್ ಸರ್ಕಾರ ತಡೆಹಿಡಿಯಿತಂತೆ. ಇಂಥದ್ದಕ್ಕೆಲ್ಲ ಅಲ್ಲಿನ ರಾಜ್ಯಗಳು ಕೋರ್ಟಿಗೆ ಹೋಗುತ್ತವಂತೆ, ಗೆಲ್ಲುವುದೂ ಉಂಟಂತೆ. ನಮ್ಮ ಭದ್ರಾ ಮೇಲ್ದಂಡೆಗೆ ಕೇಂದ್ರ ಘೋಷಿಸಿದ 5,300 ಕೋಟಿ ರೂಪಾಯಿಗೆ ಕಾದು ಕಾದು ಸಾಕಾಯಿತು. ನಮ್ಮವರು ಯಾಕೆ ಕೋರ್ಟಿಗೆ ಹೋಗಬಾರದು?
– ಒಬ್ಬ ಓದುಗರು, ಹಾಲುರಾಮೇಶ್ವರ, ಹೊಸದುರ್ಗ ತಾಲ್ಲೂಕು

ಉತ್ತರ: ಹೋಗಬಹುದು. ಆದರೆ ಗೆಲ್ಲುವುದು ಕಷ್ಟ. ಅಲ್ಲಿ ತಡೆಹಿಡಿದದ್ದು ಕಾನೂನಾಗಿದ್ದ ದುಡ್ಡು, ನಮಗೆ ಬಾರದೆ ಉಳಿದದ್ದು ಭಾಷಣದಲ್ಲಿದ್ದ ದುಡ್ಡು.

ಮೊದಲು ಅಮೆರಿಕದ ಕಥೆ ನೋಡೋಣ. ನದಿಗಳ ಕೊಳೆ ತೆಗೆಯುವುದಕ್ಕೆಂದು 1972ರಲ್ಲಿ ಅಲ್ಲಿನ ಸಂಸತ್ತು ಒಂದು ದೊಡ್ಡ ಕಾಯ್ದೆ ಮಾಡಿತು. ಅಧ್ಯಕ್ಷ ನಿಕ್ಸನ್‌ಗೆ ಅದು ದುಂದು ಅನ್ನಿಸಿತು, ಸಹಿ ಹಾಕದೆ ವಾಪಸು ಕಳಿಸಿದರು. ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಅವರನ್ನು ಮೀರಿ ಕಾಯ್ದೆಯನ್ನು ಜಾರಿಗೆ ತಂದವು. ನಿಕ್ಸನ್ ಅಷ್ಟಕ್ಕೆ ಬಿಡಲಿಲ್ಲ. ಮೊದಲ ವರ್ಷ 500 ಕೋಟಿ ಡಾಲರ್, ಮರುವರ್ಷ 600 ಕೋಟಿ ಹಂಚಿ ಎಂದು ಕಾಯ್ದೆ ಹೇಳಿದ್ದರೆ, 200 ಮತ್ತು 300 ಕೋಟಿಗಿಂತ ಹೆಚ್ಚು ಹಂಚಕೂಡದು ಎಂದು ತಮ್ಮ ಅಧಿಕಾರಿಗಳಿಗೆ ಅಪ್ಪಣೆ ಕೊಟ್ಟರು. ನ್ಯೂಯಾರ್ಕ್ ನಗರ ದಾವೆ ಹೂಡಿತು. 1975ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾಯ್ದೆ ಪೂರ್ತಿ ಹಣ ಹಂಚಿ ಎಂದಿರುವಾಗ ಅದರಲ್ಲಿ ಕತ್ತರಿಸಲು ಸರ್ಕಾರಕ್ಕೆ ಅಧಿಕಾರವಿಲ್ಲ ಎಂದಿತು. ತೀರ್ಪಿಗೆ ಮೊದಲೇ, 1974ರಲ್ಲಿ, ಸಂಸತ್ತು ಇನ್ನೊಂದು ಕಾಯ್ದೆ ಮಾಡಿ ಅಧ್ಯಕ್ಷರ ಕೈ ಕಟ್ಟಿತ್ತು: ಒಪ್ಪಿಗೆಯಾದ ಹಣವನ್ನು ಖರ್ಚು ಮಾಡುವುದು ಬೇಡ ಅನ್ನಿಸಿದರೆ ಸಂಸತ್ತಿಗೆ ಬಂದು ಕೇಳಬೇಕು. 45 ದಿನಗಳೊಳಗೆ ಸಂಸತ್ತು ಹೂಂ ಅನ್ನದಿದ್ದರೆ ಹಣ ಬಿಡುಗಡೆ ಮಾಡಲೇಬೇಕು.

ಐವತ್ತು ವರ್ಷಗಳಾದ ಮೇಲೂ ಅಲ್ಲಿನ ರಾಜ್ಯಗಳು ಆಶ್ರಯಿಸುವುದು ಅದೇ ತತ್ವವನ್ನು. 2025ರ ಜನವರಿ 27ರಂದು ಟ್ರಂಪ್ ಸರ್ಕಾರದ ಬಜೆಟ್ ಕಚೇರಿ ಒಂದು ಸುತ್ತೋಲೆ ಹೊರಡಿಸಿ ಅನುದಾನಗಳನ್ನು ಒಟ್ಟೊಟ್ಟಿಗೇ ನಿಲ್ಲಿಸಿತು. 22 ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ನೂ ಸೇರಿ ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋದವು. ಆ ತಿಂಗಳು ಮುಗಿಯುವುದರೊಳಗೆ ತಡೆಯಾಜ್ಞೆ ಸಿಕ್ಕಿತು. ನಿಮ್ಮ ಅಣ್ಣನ ಮಗ ಹೇಳಿದ ಸುರಂಗ ಹಡ್ಸನ್ ನದಿಯಡಿಯದು. 1910ರ ಹಳೆಯ ಸುರಂಗಗಳಿಗೆ 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪುನೀರು ನುಗ್ಗಿ ಹಾಳಾಗಿದ್ದರಿಂದ ಹೊಸದನ್ನು ತೋಡುತ್ತಿದ್ದಾರೆ. ಅದೂ ಸೇರಿದಂತೆ ನ್ಯೂಯಾರ್ಕ್ ಸುತ್ತಿನ ಕಾಮಗಾರಿಗಳ ಸುಮಾರು 1,800 ಕೋಟಿ ಡಾಲರ್ ತಡೆಹಿಡಿದಿದ್ದೇವೆ ಎಂದು 2025ರ ಅಕ್ಟೋಬರ್ 1ರಂದು ಟ್ರಂಪ್ ಸರ್ಕಾರ ಘೋಷಿಸಿತು.

ಅಲ್ಲಿ ರಾಜ್ಯಗಳು ಪ್ರತಿ ಸಲವೂ ಗೆಲ್ಲುತ್ತವೆ, ಕಾಯ್ದೆಯೊಂದಿದ್ದರೆ ಎಲ್ಲ ಸಲೀಸು ಎಂದೂ ತಿಳಿಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 400 ಕೋಟಿ ಡಾಲರ್ ವಿದೇಶಿ ನೆರವನ್ನು ಸದ್ಯಕ್ಕೆ ತಡೆಹಿಡಿಯಲು ಅಲ್ಲಿನ ಸುಪ್ರೀಂ ಕೋರ್ಟೇ ಬಿಟ್ಟಿತು.

ಅಲ್ಲಿನ ರಾಜ್ಯಗಳು ಇಷ್ಟು ಬೇಗ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಹುಪಾಲು ರಾಜ್ಯಗಳಲ್ಲಿ ಅಟಾರ್ನಿ ಜನರಲ್‌ರನ್ನು ಜನರೇ ಮತ ಹಾಕಿ ಆರಿಸುತ್ತಾರೆ. (ನ್ಯೂಜೆರ್ಸಿ ಅಂಥ ಕೆಲವೇ ಅಪವಾದಗಳಲ್ಲಿ ಒಂದು, ಅಲ್ಲಿ ಗವರ್ನರ್ ನೇಮಿಸುತ್ತಾರೆ.) ವಾಷಿಂಗ್ಟನ್ ಮೇಲೆ ಕೇಸು ಹಾಕಿದ್ದೇನೆ ಎಂದು ಹೇಳಿಕೊಂಡೇ ಅವರು ಮತ ಕೇಳಬಹುದು. ನಮ್ಮ ಅಡ್ವೊಕೇಟ್ ಜನರಲ್ ಸರ್ಕಾರ ನೇಮಿಸಿದ ವಕೀಲರು, ಸರ್ಕಾರ ಹೇಳಿದರೆ ವಾದಿಸುತ್ತಾರೆ. ಇನ್ನು ಗವರ್ನರ್ ವಿಚಾರ ಕೇಳಲೇಬೇಡಿ: ಅಲ್ಲಿ ಅವರು ಜನ ಆರಿಸಿದ ರಾಜ್ಯದ ಮುಖ್ಯಸ್ಥರು, ಇಲ್ಲಿ ದೆಹಲಿ ಕಳಿಸಿಕೊಟ್ಟವರು. ಆ ವ್ಯತ್ಯಾಸದ ಬಿಸಿ ಮೊದಲೇ ತಟ್ಟಿದ ರಾಜ್ಯ ನಮ್ಮದು. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆಯೇ ರಾಜ್ಯಪಾಲರ ವರದಿಯ ಮೇಲೆ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್‌ನಲ್ಲಿ ಅವರ ಹೆಸರಿನಲ್ಲೇ ಬಂದ ತೀರ್ಪು ಇವತ್ತಿಗೂ ಎಲ್ಲ ರಾಜ್ಯಗಳಿಗೂ ಆಸರೆ. ಅದೇ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ನಿಮ್ಮ 5,300 ಕೋಟಿಯ ಘೋಷಣೆ ಹೊರಬಿತ್ತು.

ಆ ಘೋಷಣೆಯನ್ನೇ ಈಗ ಸ್ವಲ್ಪ ಹತ್ತಿರದಿಂದ ನೋಡೋಣ. ದಿನಾಂಕ 2023ರ ಫೆಬ್ರವರಿ 1. ಮೂರು ತಿಂಗಳಲ್ಲಿ ವಿಧಾನಸಭಾ ಚುನಾವಣೆ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆಯ ಹೆಸರು ಹೇಳಿ, ಸೂಕ್ಷ್ಮ ನೀರಾವರಿಗೂ ಕೆರೆ ತುಂಬಿಸುವುದಕ್ಕೂ ಇಷ್ಟು ನೆರವು ಕೊಡುವುದಾಗಿ ಪ್ರಕಟಿಸಿದರು. ಯೋಜನೆ ನಿಮಗೆ ಗೊತ್ತಿರುವುದೇ: ತುಂಗೆಯಿಂದ 17.40 ಟಿಎಂಸಿ ನೀರೆತ್ತಿ ಭದ್ರೆಗೆ ಹಾಕುವುದು, ಭದ್ರೆಯಿಂದ ಒಟ್ಟು 29.90 ಟಿಎಂಸಿ ಎತ್ತಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ಹನಿ ನೀರಾವರಿ ಕೊಡುವುದು, 367 ಕೆರೆ ತುಂಬಿಸುವುದು. ಇಂಥದ್ದಕ್ಕೆ ದೆಹಲಿ ನೆರವು ಎಂದಾಗ ಹೊಸದುರ್ಗದಿಂದ ಹಿರಿಯೂರಿನವರೆಗೆ ಸಂಭ್ರಮಿಸಿದ್ದು ಸಹಜವೇ. 2024ರಲ್ಲೂ 2025ರಲ್ಲೂ ರಾಜ್ಯ ಸರ್ಕಾರ ಹೇಳಿದ್ದು ಒಂದೇ ಮಾತು: ಹಣ ಬಂದಿಲ್ಲ.

ಬಜೆಟ್ ಭಾಷಣ ಕಾನೂನಲ್ಲ. ಸಂಸತ್ತು ಧನವಿನಿಯೋಗ ಕಾಯ್ದೆ ಪಾಸು ಮಾಡುತ್ತದೆ ನಿಜ, ಆದರೆ ಅದು ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಅನುಮತಿ. ಮಾಡಲೇಬೇಕು ಎಂಬ ಕಟ್ಟಪ್ಪಣೆ ಅದರಲ್ಲಿಲ್ಲ. ನಿಕ್ಸನ್‌ರನ್ನು ಕಟ್ಟಿಹಾಕಿದಂಥ ಕಾಯ್ದೆ ನಮ್ಮಲ್ಲಿ ಯಾವ ಪಕ್ಷವೂ ಮಾಡಿಲ್ಲ. ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ತೆರಿಗೆ ಪಾಲಿಗೆ ಲೆಕ್ಕವಿದೆ, ಸೂತ್ರವಿದೆ. ಆ ಸೂತ್ರದಲ್ಲೇ 2021–26ರ ಅವಧಿಗೆ ನಮ್ಮ ಪಾಲು ಶೇಕಡಾ 4.713ರಿಂದ 3.647ಕ್ಕೆ ಇಳಿದಿದ್ದು ಬೇರೆ ಜಗಳ. ಯೋಜನೆಗಳಿಗೆ ಸಿಗುವ ವಿಶೇಷ ನೆರವಿಗೆ ಸಂವಿಧಾನದ 282ನೇ ವಿಧಿ ದಾರಿ ಬಿಟ್ಟಿದೆ, ಅಷ್ಟೇ. ಕೇಂದ್ರ ಕೊಡಬಹುದು, ಕೊಡಬೇಕೆಂದಿಲ್ಲ. ನಿಮ್ಮೂರ ಗಂಗೆಯ ಕೊಳದ ಮುಂದೆ ಕೂತು ಬೇಡಿಕೊಂಡವರಿಗೆ ಬಾಳೆಹಣ್ಣೋ ತೆಂಗಿನಕಾಯಿಯೋ ತೇಲಿಬರುತ್ತದೆ ಎಂದು ಭಕ್ತರು ನಂಬುತ್ತಾರೆ. ಅದು ದೈವದ ವಿಷಯ, ಅವರಿಗೆ ಬಿಟ್ಟದ್ದು. ಆದರೆ 21 ಸಾವಿರ ಕೋಟಿ ದಾಟಿದ ನೀರಾವರಿ ಯೋಜನೆಯೂ ದಡದಲ್ಲಿ ಕೂತು ಹಾಗೇ ಕಾಯಬೇಕೇ?

ಕೋರ್ಟಿಗೆ ಹೋಗಿ ಗಿಟ್ಟಿಸಿದ ಉದಾಹರಣೆಯೂ ನಮ್ಮಲ್ಲೇ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ. ಕೇಂದ್ರಕ್ಕೆ 18,171 ಕೋಟಿ ರೂಪಾಯಿಯ ಮನವಿ ಹೋಗಿತ್ತು, ತಿಂಗಳುಗಟ್ಟಲೆ ಸದ್ದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಕೇಳಿದ್ದರ ಐದನೇ ಒಂದು ಭಾಗವೂ ಅಲ್ಲ, ಆದರೂ ಬಂತು. ಬರದ ವಿಷಯದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇತ್ತು, ಅದರಡಿ ನಿಧಿಯಿತ್ತು. ವಕೀಲರಿಗೆ ಬೆರಳಿಟ್ಟು ತೋರಿಸಲು ಒಂದು ಕಲಮು ಇತ್ತು. ಮೇಲ್ದಂಡೆಯ ವಿಷಯದಲ್ಲಿ ಕೇಂದ್ರ ಮತ್ತು ರಾಜ್ಯದ ನಡುವಿನ ವ್ಯಾಜ್ಯಕ್ಕಿರುವ 131ನೇ ವಿಧಿ ಹಿಡಿದು ಹೋದರೆ ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆಯೇ ‘ನಿಮ್ಮ ಕಾನೂನುಬದ್ಧ ಹಕ್ಕು ಯಾವುದು?’ ಎಂದು. ಭಾಷಣದ ಪ್ರತಿ ಕೊಟ್ಟರೆ ಸಾಲದು.

ಅಮೆರಿಕದ ಪ್ರಗತಿಪರರು ಇವತ್ತು ರಾಜ್ಯಗಳ ಪರ ನಿಂತಿರುವುದನ್ನು ಕಂಡು ಕೇಂದ್ರವೆಂದರೆ ಕೆಟ್ಟದ್ದು, ರಾಜ್ಯವೆಂದರೆ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ‘ರಾಜ್ಯಗಳ ಹಕ್ಕು’ ಎಂಬುದು ಅಲ್ಲಿ ಬಹುಕಾಲ ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಯಿಂದ ಹೊರಗಿಟ್ಟವರ ಘೋಷಣೆಯಾಗಿತ್ತು. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಆ ಮಕ್ಕಳನ್ನು ಶಾಲೆಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಬೇಕಾಯಿತು. ಹಾಗೆಯೇ 2024ರ ಫೆಬ್ರವರಿಯಲ್ಲಿ ನಮ್ಮವರು ಜಂತರ್ ಮಂತರ್‌ನಲ್ಲಿ ಕೂಗಿದ ‘ನನ್ನ ತೆರಿಗೆ ನನ್ನ ಹಕ್ಕು’ ಕೂಡ ಹೊಸದೇನಲ್ಲ. ನ್ಯೂಯಾರ್ಕಿನ ಸೆನೆಟರ್ ಮೊಯ್ನಿಹಾನ್ ತಮ್ಮ ರಾಜ್ಯ ವಾಷಿಂಗ್ಟನ್‌ಗೆ ಎಷ್ಟು ಕೊಟ್ಟಿತು, ಎಷ್ಟು ವಾಪಸು ಪಡೆಯಿತು ಎಂದು ವರ್ಷವರ್ಷವೂ ಲೆಕ್ಕ ಬರೆಸುತ್ತಿದ್ದರು. ಅದಕ್ಕೂ ಮೊದಲು ಅವರು ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಘೋಷಣೆಗಿಂತ ಆ ಲೆಕ್ಕದ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ದೂರನ್ನೆಲ್ಲ ದೆಹಲಿಯ ಮೇಲೆ ಹಾಕಿ ಬೆಂಗಳೂರು ಕೈ ತೊಳೆದುಕೊಳ್ಳಲಾಗದು. ಅಬ್ಬಿನಹೊಳಲು ಬಳಿ ಭೂಸ್ವಾಧೀನದ ಪರಿಹಾರ ಬಗೆಹರಿಯದೆ ಕಾಲುವೆ ವರ್ಷಗಟ್ಟಲೆ ನಿಂತದ್ದು ರಾಜ್ಯದ ಹೊಣೆ. ಆಂಧ್ರ, ತೆಲಂಗಾಣಗಳ ತಕರಾರಿಗೆ ಉತ್ತರ ಹೇಳಬೇಕಾದದ್ದೂ ರಾಜ್ಯವೇ. ಮಾರಿಕಣಿವೆ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೆ ಹರಿದದ್ದರಿಂದ ಇನ್ನೇನು ಅವಸರ ಎಂದು ಅಧಿಕಾರಿಗಳು ಸುಮ್ಮನಾದರೆ ನಷ್ಟ ನಿಮ್ಮದೇ. ತುಂಬಿದ ಜಲಾಶಯದ ನೀರು ತಾನಾಗಿ ಹೊಸದುರ್ಗ, ಹೊಳಲ್ಕೆರೆಯ ಕೆರೆಗಳಿಗೆ ಹತ್ತುವುದಿಲ್ಲ.

ಕೊನೆಯದಾಗಿ, ನೀವೇ ಮಾಡಬಹುದಾದದ್ದು. ದೆಹಲಿಯ ಜಲಶಕ್ತಿ ಸಚಿವಾಲಯಕ್ಕೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂರು ವಿಷಯ ಕೇಳಿ: ಈ ನೆರವಿಗೆ ಕೇಂದ್ರ ಸಂಪುಟದ ಒಪ್ಪಿಗೆ ಆಗಿದೆಯೇ, ಆಗಿದ್ದರೆ ಯಾವ ದಿನ, ಯಾವ ಲೆಕ್ಕ ಶೀರ್ಷಿಕೆಯಡಿ ಹಣ ಇಟ್ಟಿದ್ದಾರೆ, ರಾಜ್ಯದಿಂದ ಬರಬೇಕಾದ ಕಾಗದ ಯಾವುದು ಬಾಕಿ ಇದೆ. 30 ದಿನಗಳೊಳಗೆ ಉತ್ತರ ಕೊಡಬೇಕು. ಆ ಉತ್ತರದ ಒಂದೊಂದು ಪ್ರತಿಯನ್ನು ನಿಮ್ಮ ಸಂಸದರಿಗೂ ಶಾಸಕರಿಗೂ ಕಳಿಸಿ. ಕಡತ ಅವರ ಹತ್ತಿರ ಇದೆ, ಇವರ ಹತ್ತಿರ ಇದೆ ಎಂದು ದೆಹಲಿಯೂ ಬೆಂಗಳೂರೂ ಹೇಳುತ್ತಾ ಬಂದಿವೆ. ಅದು ಯಾರ ಮೇಜಿನ ಮೇಲಿದೆ ಎಂಬುದು ಅಷ್ಟರಲ್ಲಿ ನಿಮಗೆ ಬರಹದಲ್ಲಿ ಸಿಕ್ಕಿರುತ್ತದೆ.