ವರ್ಡ್ ಕೊಟ್ಟ ವೆಬ್ ಪುಟ: ದೋಷ ಸೊನ್ನೆಯಾದರೆ ಸಾಕಾ?

ವರ್ಡ್‌ನಲ್ಲಿ ಲೇಖನ ಟೈಪ್ ಮಾಡಿ, ‘ಸೇವ್ ಆಸ್’ನಲ್ಲಿ ‘ವೆಬ್ ಪೇಜ್’ ಅಂತ ಆರಿಸಿದರೆ ಎಚ್‌ಟಿಎಂಎಲ್ ಕಡತ ರೆಡಿ. ಬ್ರೌಸರ್‌ನಲ್ಲಿ ಚೆನ್ನಾಗಿಯೇ ಕಾಣುತ್ತೆ. ಅದನ್ನೇ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ ಕೊಟ್ಟು ನೋಡಿ, ಎರಡು ಪುಟದ ಲೇಖನಕ್ಕೂ ದೋಷಗಳ ಉದ್ದನೆಯ ಪಟ್ಟಿ ಬರುತ್ತೆ. ಗಾಬರಿ ಬೇಡ. ಇದನ್ನು ಕ್ರಮವಾಗಿ ಸರಿಮಾಡೋದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಇಷ್ಟೊಂದು ದೋಷ ಯಾಕೆ? ವರ್ಡ್ ಈ ಕಡತವನ್ನು ಬ್ರೌಸರ್‌ಗಾಗಿ ಮಾತ್ರ ಬರೆಯುವುದಿಲ್ಲ. ಮುಂದೆ ಅದನ್ನು ಮತ್ತೆ ವರ್ಡ್‌ನಲ್ಲಿ ತೆರೆದಾಗ ಅಂಚು, ಅಳತೆ, ಶೈಲಿ ಎಲ್ಲವೂ ಹಾಗೇ ಸಿಗಲಿ ಎಂದು ತನಗೆ ಬೇಕಾದ ಮಾಹಿತಿಯನ್ನೂ ತುಂಬಿಡುತ್ತದೆ. ‘ಓ:ಪಿ’ ಟ್ಯಾಗ್, ‘ಎಂಎಸ್‌ಓ’ ಎಂದು ಶುರುವಾಗುವ ಸ್ಟೈಲ್‌ಗಳು ಇಂಥವೇ. ಎಚ್‌ಟಿಎಂಎಲ್ ನಿಯಮದಲ್ಲಿ ಇವು ಇಲ್ಲ.

ಸರಿಪಡಿಸುವ ಕ್ರಮ:

1. ‘ವೆಬ್ ಪೇಜ್’ ಬದಲು ‘ವೆಬ್ ಪೇಜ್, ಫಿಲ್ಟರ್ಡ್’ ಆರಿಸಿ. ವರ್ಡ್ ತನಗಾಗಿ ಸೇರಿಸಿದ್ದರಲ್ಲಿ ಬಹುಪಾಲು ಇಲ್ಲೇ ಉದುರಿಹೋಗುತ್ತೆ. ‘ವೆಬ್ ಆಪ್ಷನ್ಸ್’ನಲ್ಲಿ ಎನ್‌ಕೋಡಿಂಗ್ ಅನ್ನು ಯುಟಿಎಫ್-8 ಮಾಡಿ. ಹಾಗೆ ಮಾಡದಿದ್ದರೆ ‘ಕ’ ಅಕ್ಷರ ಕಡತದೊಳಗೆ ‘&#3221;’ ಎಂಬ ಅಂಕೆಯಾಗಿ ಕೂರಬಹುದು. ಬ್ರೌಸರ್ ಅದನ್ನು ಓದುತ್ತೆ, ಆದರೆ ತಿದ್ದಲು ಕೂತ ನಮಗೆ ಏನೂ ಗೊತ್ತಾಗಲ್ಲ.

2. ಮೊದಲ ಸಾಲಿನಲ್ಲಿ ಡಾಕ್‌ಟೈಪ್ ಸೇರಿಸಿ. ವರ್ಡ್ ಇದನ್ನು ಹಾಕುವುದಿಲ್ಲ.

3. ಪಟ್ಟಿಯ ಮೊದಲ ದೋಷ ಸರಿಮಾಡಿ, ಮತ್ತೆ ಪರೀಕ್ಷಿಸಿ. ಮುಚ್ಚದೇ ಬಿಟ್ಟ ಒಂದೇ ಟ್ಯಾಗ್‌ನಿಂದ ಕೆಳಗೆ ಹತ್ತಾರು ದೋಷ ಹುಟ್ಟಬಹುದು. ಬುಡ ಸರಿಯಾದರೆ ಅವೂ ಹೋಗುತ್ತವೆ.

4. ‘ಫಾಂಟ್’, ‘ಸೆಂಟರ್’ ಟ್ಯಾಗ್‌ಗಳನ್ನೂ ಟೇಬಲ್‌ನ ‘ಸೆಲ್‌ಪ್ಯಾಡಿಂಗ್’, ‘ವಿಅಲೈನ್’ನಂಥ ಹಳೇ ಗುಣಗಳನ್ನೂ ತೆಗೆದು, ಆ ಕೆಲಸವನ್ನು ಸಿಎಸ್‌ಎಸ್‌ಗೆ ಒಪ್ಪಿಸಿ.

5. ಪ್ರತಿ ಚಿತ್ರಕ್ಕೂ ‘ಆಲ್ಟ್’ ಪಠ್ಯ ಬರೆಯಿರಿ.

ಇಷ್ಟಾದ್ರೆ ದೋಷಗಳ ಸಂಖ್ಯೆ ಸೊನ್ನೆಗೆ ಬರುತ್ತೆ. ಕೆಲಸ ಮುಗೀತಾ? ಇಲ್ಲ. ವ್ಯಾಲಿಡೇಟರ್ ನೋಡೋದು ವ್ಯಾಕರಣವನ್ನು ಮಾತ್ರ, ಅರ್ಥವನ್ನಲ್ಲ. ‘ಆಲ್ಟ್’ನಲ್ಲಿ ‘ಚಿತ್ರ 1’ ಎಂದಷ್ಟೇ ಬರೆದರೂ ಅದು ಒಪ್ಪುತ್ತೆ. ಕಣ್ಣು ಕಾಣದ ಓದುಗರಿಗೆ ಅದರಿಂದ ಏನೂ ಸಿಗಲ್ಲ. ಪುಟದ ಭಾಷೆ ಕನ್ನಡ ಎಂದು ಹೇಳುವ ‘ಲ್ಯಾಂಗ್’ ಗುಣ ಇಲ್ಲದಿದ್ದರೂ ದೋಷ ಎನ್ನುವುದಿಲ್ಲ, ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತೆ. ಪುಟ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ಧ್ವನಿ ಬಳಸಬೇಕು ಅಂತ ತಿಳಿಯೋದೇ ಆ ಗುಣದಿಂದ. ಅದರ ಬೆಲೆಯಾಗಿ ‘ಕೆಎನ್’ ಎಂಬ ಎರಡಕ್ಷರ ಸೇರಿಸಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ತೊಡಕು ನುಡಿಯ ಹಳೇ ಆಸ್ಕಿ ಫಾಂಟ್‌ಗಳದ್ದು. ಅದರಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದದೊಳಗೆ ಕನ್ನಡದ ಒಂದಕ್ಷರವೂ ಇರುವುದಿಲ್ಲ. ಇಂಗ್ಲಿಷಿನ ಪಿ, ಕ್ಯೂ, ಪೌಂಡ್ ಚಿಹ್ನೆ ಇಂಥವೇ ಇರುತ್ತವೆ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತೆ, ಅಷ್ಟೇ. ಟ್ಯಾಗ್‌ಗಳೆಲ್ಲ ಸರಿಯಿದ್ದರೆ ಇಂಥ ಪುಟಕ್ಕೂ ಸೊನ್ನೆ ದೋಷ! ಆದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಕಲಸುಮೇಲೋಗರ. ಹುಡುಕಿದರೂ ಲೇಖನ ಸಿಗುವುದಿಲ್ಲ.

ಪತ್ತೆ ಹಚ್ಚೋದು ಸುಲಭ. ಪುಟದಿಂದ ಒಂದು ಪದ ಕಾಪಿ ಮಾಡಿ, ಬ್ರೌಸರ್‌ನ ವಿಳಾಸದ ಜಾಗದಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಲ್ಲವಾದರೆ ಮೂಲ ವರ್ಡ್ ಕಡತಕ್ಕೇ ಹಿಂತಿರುಗಿ, ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಕಣ್ಣಿಟ್ಟು ಒಮ್ಮೆ ಪೂರ್ತಿ ಓದಿ, ಆಮೇಲೆ ಒಂದನೇ ಹಂತದಿಂದ ಶುರು ಮಾಡಿ.

ವ್ಯಾಲಿಡೇಟರ್‌ನ ಹಸಿರು ಗೆರೆ ಬಂದ ಮೇಲೂ ಈ ಮೂರನ್ನು ನೋಡಿಯೇ ಪುಟ ಪ್ರಕಟಿಸೋಣ: ಪದ ಕಾಪಿ ಆಗುತ್ತಾ, ಭಾಷೆ ನಮೂದಾಗಿದೆಯಾ, ಚಿತ್ರದ ವಿವರ ನಿಜಕ್ಕೂ ವಿವರವಾ?