ಚಹಾಪುಡಿ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ

ಗುರುಮಠಕಲ್‌ನಲ್ಲಿ ಚಹಾದಂಗಡಿ ಇಡುವವರಿಗೆ ಗಿರಾಕಿ ಕೇಳುವುದೇನೆಂದು ಗೊತ್ತು: ಖಡಕ್ ಇರಬೇಕು, ಬಣ್ಣ ಬರಬೇಕು. ಹಾಲು, ಸಕ್ಕರೆ, ಶುಂಠಿ ಬಿದ್ದ ಮೇಲೆ ಪುಡಿಯ ಗುಣ ಯಾರಿಗೂ ತಿಳಿಯದು. ಹಾಗಾಗಿ ಮೂಟೆ ಕೊಳ್ಳುವ ಮೊದಲೇ ನೋಡಿಕೊಳ್ಳಿ.

1. ಎರಡು ಮೂರು ಕಡೆಯ ಪುಡಿ ತಂದು ಒಟ್ಟಿಗೇ ಇಟ್ಟು ನೋಡಿ. ಒಂದನ್ನೇ ಕುಡಿದರೆ ಎಲ್ಲವೂ ಚೆನ್ನಾಗಿಯೇ ಅನ್ನಿಸುತ್ತದೆ.

2. ರುಚಿ ಪರೀಕ್ಷೆಗೆ ಚಹಾ ಮಾಡುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 3103ರ ಲೆಕ್ಕ ಸರಳ: 100 ಮಿಲಿ ಕುದಿನೀರಿಗೆ 2 ಗ್ರಾಂ ಪುಡಿ, ಮುಚ್ಚಳ ಹಾಕಿ 6 ನಿಮಿಷ. ಒಲೆಯ ಮೇಲೆ ಕುದಿಸಬೇಡಿ. ತೂಕಕ್ಕೆ ಬಂಗಾರದ ಅಂಗಡಿಯ ತಕ್ಕಡಿಯೇ ಸರಿ.

3. ನೀರು ನಿಮ್ಮ ಅಂಗಡಿಯದ್ದೇ ಇರಲಿ. ಬೋರಿನ ಗಡಸು ನೀರಿನಲ್ಲಿ ಒಳ್ಳೆಯ ಪುಡಿಯೂ ಮಂಕಾಗುತ್ತದೆ, ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರಲ್ಲೂ ಒಮ್ಮೆ ಮಾಡಿ. ಎಷ್ಟೋ ಸಲ ಬದಲಿಸಬೇಕಾದದ್ದು ಪುಡಿಯಲ್ಲ, ನೀರು.

4. ಸೊರ್ರೆಂದು ಸದ್ದು ಮಾಡಿಯೇ ಹೀರಿ. ಚಹಾ ರುಚಿ ನೋಡುವ ವೃತ್ತಿಯವರೂ ಹೀಗೇ ಹೀರಿ ಉಗುಳುತ್ತಾರೆ. ಗಾಳಿ ಬೆರೆತರೆ ಪರಿಮಳ ಮೂಗಿಗೇರುತ್ತದೆ. ಕೆನ್ನೆಯೊಳಗೆ, ವಸಡಿನ ಮೇಲೆ ಚುರುಕಾಗಿ ಹಿಡಿಯುವ ಒಗರು ಒಳ್ಳೆಯ ಲಕ್ಷಣ. ನಾಲಿಗೆಯ ಹಿಂಬದಿಯಲ್ಲಿ ಕೂತೇ ಇರುವ ಕಹಿ ಅಲ್ಲ. ಖಡಕ್ ಎಂದು ನಾವು ಹೊಗಳುವುದು ಬಹಳ ಸಲ ಈ ಕಹಿಯನ್ನೇ! ಮುಗ್ಗಲು ವಾಸನೆ ಬಂದರೆ ಮುಂದಿನ ಪರೀಕ್ಷೆಯೇ ಬೇಡ.

5. ಉಳಿದದ್ದು ಆರಲಿ. ತಣ್ಣಗಾದಂತೆ ಡಿಕಾಕ್ಷನ್ ಕದಡಿದರೆ ಹೆದರಬೇಡಿ; ಚಹಾದಲ್ಲಿರುವ ಕೆಫೀನೂ ಥಿಯಾಫ್ಲೇವಿನ್ ಎಂಬ ಅಂಶವೂ ಕೂಡಿಕೊಂಡಾಗ ಹೀಗಾಗುತ್ತದೆ. ಕಸುವಿರುವ ಪುಡಿಯ ಗುರುತು ಅದು.

6. ಹಾಲು ಕೊನೆಗೆ, ಒಂದೇ ಚಮಚ. ಹೊಳಪಿನ ಹೊಂಬಣ್ಣ ಬಂದರೆ ಸರಿ, ಬೂದುಬಣ್ಣಕ್ಕೆ ತಿರುಗಿದರೆ ಬಿಡಿ.

7. ಬಳಸಿದ ಚರಟಕ್ಕೆ ಬಣ್ಣ ಹಾಕಿ ಮಾರುವವರಿದ್ದಾರೆ. ಫಿಲ್ಟರ್ ಪೇಪರ್ ಮೇಲೆ ಚಿಟಿಕೆ ಪುಡಿ ಹರಡಿ ನೀರು ಚಿಮುಕಿಸಿ. ಪುಡಿ ತೆಗೆದು, ಕಾಗದವನ್ನು ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ: ಕಲೆ ಉಳಿದಿದ್ದರೆ ಬಣ್ಣ ಬೆರೆತಿದೆ. ಅಯಸ್ಕಾಂತವನ್ನೂ ಆಡಿಸಿ. ಎಲೆಯನ್ನು ಹಿಚುಕಿ ಕಾಳಾಗಿಸುವ ಸಿಟಿಸಿ ಯಂತ್ರದ ರೋಲರ್ ಸವೆದು ಕಬ್ಬಿಣದ ಕಣ ಚೂರುಪಾರು ಬರುವುದುಂಟು. ದಟ್ಟವಾಗಿ ಮೆತ್ತಿಕೊಂಡರೆ ವಾಪಸು ಕಳಿಸಿ.

8. ಬಿಲ್ ಇಲ್ಲದ ಸಡಿಲು ಪುಡಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ, ಆಮೇಲೆ ದರದ ಮಾತು.